‘ನೀವೆಲ್ಲ’ ಎನ್ನಲು ಅಮೆರಿಕದಲ್ಲಿ ಎಷ್ಟು ಬಗೆ: ನ್ಯೂಯಾರ್ಕ್ ಟೈಮ್ಸ್‌ನ ಉಪಭಾಷಾ ಕ್ವಿಜ್

ಎದುರಿಗಿರುವ ನಾಲ್ಕು ಜನ ಸ್ನೇಹಿತರನ್ನು ಒಟ್ಟಾಗಿ ಏನೆಂದು ಸಂಬೋಧಿಸುತ್ತೀರಿ ಎಂಬ ಪ್ರಶ್ನೆಗೆ ಅಮೆರಿಕದವರು ಕೊಡುವ ಉತ್ತರ, ಅವರು ಯಾವ ಸೀಮೆಯಲ್ಲಿ ಬೆಳೆದವರು ಎಂಬುದರ ಸುಳಿವನ್ನೂ ಕೊಡುತ್ತದೆ. ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2013ರ ಡಿಸೆಂಬರ್‌ನಲ್ಲಿ ತನ್ನ ಜಾಲತಾಣದಲ್ಲಿ ಪ್ರಕಟಿಸಿದ ಉಪಭಾಷಾ ಕ್ವಿಜ್ ನಿಂತಿರುವುದು ಇಂಥ ಪ್ರಶ್ನೆಗಳ ಮೇಲೆಯೇ. ಅದರ ಶೀರ್ಷಿಕೆಯಲ್ಲೇ ‘ಯಾಲ್’ (ಅಂದರೆ ‘ಯೂ ಆಲ್’), ‘ಯೂಸ್’, ‘ಯೂ ಗೈಸ್’ ಎಂಬ, ‘ಯೂ’ ಪದದ ಮೂರು ಬಹುವಚನಗಳಿವೆ. ವರ್ಷದ ಕೊನೆಯ ದಿನಗಳಲ್ಲಿ ಬಂದರೂ ಆ ಸಾಲಿನಲ್ಲಿ ಪತ್ರಿಕೆಯ ಜಾಲತಾಣದಲ್ಲಿ ಅತಿ ಹೆಚ್ಚು ಜನ ನೋಡಿದ ಪುಟ ಇದೇ ಆಗಿತ್ತು.

ಬರ್ಟ್ ವಾಕ್ಸ್ ಮತ್ತು ಸ್ಕಾಟ್ ಗೋಲ್ಡರ್ 2002ರಲ್ಲಿ ಆರಂಭಿಸಿದ ಹಾರ್ವರ್ಡ್ ಉಪಭಾಷಾ ಸಮೀಕ್ಷೆಯ ಪ್ರಶ್ನೆಗಳನ್ನು ಆಧಾರವಾಗಿಟ್ಟುಕೊಂಡು, ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜಾಶ್ ಕಾಟ್ಜ್ ಮೂರೂವರೆ ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಹೊಸದಾಗಿ ಸಂಗ್ರಹಿಸಿ ಇದನ್ನು ರೂಪಿಸಿದರು. 25 ಪ್ರಶ್ನೆಗಳಿಗೆ ಉತ್ತರಿಸಿದ ಮೇಲೆ ಅಮೆರಿಕದ ನಕ್ಷೆ ತೆರೆದುಕೊಳ್ಳುತ್ತದೆ: ನಿಮ್ಮಂತೆಯೇ ಮಾತನಾಡುವವರು ಹೆಚ್ಚಿರುವ ಕಡೆ ಕೆಂಪು, ಕಡಿಮೆ ಇರುವ ಕಡೆ ನೀಲಿ. ಪ್ರತಿ ಉತ್ತರಕ್ಕೂ ಪ್ರತ್ಯೇಕವಾಗಿ ಒಂದು ಪುಟ್ಟ ನಕ್ಷೆ ಕಾಣಿಸುವುದು ನನಗೆ ಅಂತಿಮ ಫಲಿತಾಂಶಕ್ಕಿಂತ ಹೆಚ್ಚು ಮೆಚ್ಚುಗೆಯಾಯಿತು.

ಬಹುವಚನದ ಪ್ರಶ್ನೆಯ ಬಲ ತಿಳಿಯುವುದು ಆ ಪುಟ್ಟ ನಕ್ಷೆಗಳಲ್ಲಿಯೇ. ‘ಯಾಲ್’ ದಕ್ಷಿಣದ ರಾಜ್ಯಗಳನ್ನು ತುಂಬುತ್ತದೆ. ‘ಯೂ ಗೈಸ್’ ಎಂದರೆ ಉತ್ತರದಿಂದ ಪಶ್ಚಿಮದವರೆಗಿನ ವಿಶಾಲ ಪ್ರದೇಶವೆಲ್ಲ ಬಂದುಬಿಡುವುದರಿಂದ ಅದೊಂದರಿಂದ ಊರು ಗುರುತಿಸಲಾಗದು. ‘ಯಿನ್ಜ್’ ಎಂದರೆ ಮಾತ್ರ ಪಶ್ಚಿಮ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಪ್ರದೇಶವೇ ಸರಿ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ ಸ್ಕಾಟ್ಸ್-ಐರಿಷ್ (ಐರ್ಲೆಂಡಿನ ಉತ್ತರ ಭಾಗದಿಂದ ಬಂದ, ಸ್ಕಾಟ್ಲೆಂಡ್ ಮೂಲದ) ವಲಸಿಗರ ‘ಯೂ ಒನ್ಸ್’ ಸವೆದು ಬಂದ ರೂಪವಿದು. ಆ ಊರಿನ ಅಪ್ಪಟ ಸ್ಥಳೀಯರನ್ನು ‘ಯಿನ್ಜರ್’ ಎಂದೇ ಕರೆಯುತ್ತಾರೆ. ಅಲ್ಲಿನ ಶ್ರೀ ವೆಂಕಟೇಶ್ವರ ದೇವಾಲಯಕ್ಕೆ ಹೋಗಿಬರುವ ಕನ್ನಡಿಗರ ಕಿವಿಗೂ ಈ ಮಾತು ಬಿದ್ದಿರಬಹುದು.

ಇಷ್ಟೊಂದು ರೂಪಗಳು ಹುಟ್ಟಿದ್ದೇಕೆ ಎಂಬುದನ್ನು ಕ್ವಿಜ್ ಹೇಳುವುದಿಲ್ಲ, ಇದು ನಿಜವಾದ ಕೊರತೆ. ಹಿಂದೆ ಇಂಗ್ಲಿಷಿನಲ್ಲಿ ಒಬ್ಬರಿಗೆ ‘ದೌ’, ಹಲವರಿಗೆ ‘ಯೂ’ ಇತ್ತು. ಹಲವರ ‘ಯೂ’ ಮರ್ಯಾದೆಯ ಏಕವಚನವಾಗಿ, ಕಡೆಗೆ ಹದಿನೇಳನೆಯ ಶತಮಾನದ ಹೊತ್ತಿಗೆ ‘ದೌ’ ಶಿಷ್ಟ ಬಳಕೆಯಿಂದ ಬಹುತೇಕ ಮರೆಯಾಯಿತು. ಕನ್ನಡದ ‘ನೀವು’ ಸಹ ಬಹುವಚನವೂ ಗೌರವವಾಚಕವೂ ಆಗಿರುವುದರಿಂದಲೇ ಹಿರಿಯರು ಹಲವರಿದ್ದಾಗ ನಾವು ‘ನೀವೆಲ್ಲ’, ‘ನೀವುಗಳು’ ಎನ್ನುತ್ತೇವೆ. ಆದ್ದರಿಂದ ‘ಯಾಲ್’ ಎನ್ನುವವರನ್ನು ಒರಟರೆಂದು ತಿಳಿಯುವುದು ಅನ್ಯಾಯ. ಭಾಷೆ ಕಳೆದುಕೊಂಡ ಒಂದು ಉಪಯುಕ್ತ ಭೇದವನ್ನು ಅವರು ಮರಳಿ ಕಟ್ಟಿಕೊಂಡಿದ್ದಾರೆ.

ಒಂದು ಪ್ರಶ್ನೆಗೆ ಒಂದೇ ಉತ್ತರ ಆರಿಸಬೇಕೆಂಬ ಕಟ್ಟುಪಾಡು ನನಗೆ ಒಪ್ಪಿಗೆಯಾಗಲಿಲ್ಲ. ಕಚೇರಿಯ ಸಭೆಯಲ್ಲಿ ‘ಯೂ ಆಲ್’ ಎನ್ನುವವರೇ ಮನೆಯ ಅಂಗಳದಲ್ಲಿ ಆಡುತ್ತಿರುವ ಮಕ್ಕಳಿಗೆ ‘ಯೂ ಗೈಸ್’ ಎನ್ನುತ್ತಾರೆ. ‘ಗೈಸ್’ ಎಂಬುದು ಗಂಡಸರನ್ನು ಸೂಚಿಸುತ್ತದೆಂಬ ಕಾರಣಕ್ಕೆ ಉತ್ತರದವರೂ ಈಗ ‘ಯಾಲ್’ ಬಳಸತೊಡಗಿರುವುದರಿಂದ, 2013ರ ಉತ್ತರಗಳ ಮೇಲೆ ನಿಂತ ನಕ್ಷೆಯನ್ನು ಇಂದಿನ ಚಿತ್ರವೆಂದು ನಂಬಬಾರದು. ಐರ್ಲೆಂಡಿನ ‘ಯೀ’ ಆಗಲಿ, ಗ್ಲಾಸ್ಗೋ, ಲಿವರ್‌ಪೂಲ್, ಆಸ್ಟ್ರೇಲಿಯಾಗಳ ‘ಯೂಸ್’ ಆಗಲಿ ಈ ನಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ.

ಭಾರತದಲ್ಲಿ ಇಂಗ್ಲಿಷ್ ಕಲಿತವರಿಗೆ ಕೆಂಪು ಬಣ್ಣ ಎಲ್ಲಿ ಕಾಣಿಸಿದರೂ ಅದಕ್ಕೆ ಹೆಚ್ಚಿನ ಅರ್ಥವಿಲ್ಲ. ನಮ್ಮ ಬಹುವಚನವಾದ ‘ಯೂ ಪೀಪಲ್’ ಕ್ವಿಜ್ ಕೊಡುವ ಆಯ್ಕೆಗಳಲ್ಲಿ ಇಲ್ಲ. ‘ಇತರೆ’ ಎಂದು ಒತ್ತಿ ಮುಂದೆ ಹೋಗಬೇಕು. ‘ನೀವುಗಳು’ ಎಂಬ ಭಾವದಿಂದ ನಾವು ಸಹಜವಾಗಿ ಆಡುವ ಈ ಮಾತು ಅಮೆರಿಕದವರ ಕಿವಿಗೆ ‘ನಿಮ್ಮಂಥ ಜನ’ ಎಂಬ ತಿರಸ್ಕಾರವಾಗಿ ಕೇಳಿಸುತ್ತದೆ. ಅಲ್ಲಿಗೆ ಕೆಲಸಕ್ಕೋ ಓದಿಗೋ ಹೊರಟವರು ಈ ಕ್ವಿಜ್‌ನ ಅಂತಿಮ ಫಲಿತಾಂಶವನ್ನು ಬದಿಗಿಟ್ಟು, ತಾವು ಸೇರಲಿರುವ ಊರಿನಲ್ಲಿ ಯಾವ ರೂಪ ನಡೆಯುತ್ತದೆಂದು ಪುಟ್ಟ ನಕ್ಷೆಗಳಲ್ಲಿ ನೋಡಿಕೊಳ್ಳುವುದು ಒಳ್ಳೆಯದು.