ಅಪಾಯದಂಚಿನ ಕೋನಿಫರ್‌ಗೆ ಯಾವ ಬಾರ್‌ಕೋಡ್? ಆರ್‌ಬಿಸಿಎಲ್, ಮ್ಯಾಟ್‌ಕೆ, ಐಟಿಎಸ್2, ಇಡೀ ಕ್ಲೋರೋಪ್ಲಾಸ್ಟ್

ಒಂದು ಸಸ್ಯ ಯಾವ ಪ್ರಭೇದದ್ದೆಂದು ಗುರುತಿಸಲು ಓದುವ ಡಿಎನ್‌ಎಯ ಗೊತ್ತಾದ ತುಂಡೇ ಬಾರ್‌ಕೋಡ್. ನೆಲದ ಮೇಲಿನ ಸಸ್ಯಗಳಿಗೆಲ್ಲ ಕ್ಲೋರೋಪ್ಲಾಸ್ಟ್‌ನ (ಎಲೆಯ ಹಸಿರು ಕಣದ) ಎರಡು ಜೀನ್‌ಗಳಾದ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ ಜೋಡಿಯೇ ಮೂಲ ಬಾರ್‌ಕೋಡ್ ಎಂಬ ಶಿಫಾರಸು ಬಂದದ್ದು 2009ರಲ್ಲಿ. ಪೈನ್, ದೇವದಾರುಗಳಂಥ ಸೂಜಿ ಎಲೆಯ ಮರಗಳಾದ ಕೋನಿಫರ್‌ಗಳ ಮಟ್ಟಿಗೆ ಈ ಜೋಡಿ ನಡುದಾರಿಯಲ್ಲೇ ಕೈಬಿಡುತ್ತದೆ.

ಆರ್‌ಬಿಸಿಎಲ್ ಕೈಕೊಡುವುದು ತೀರಾ ಅಪರೂಪ. ಸುಮಾರು 550 ಅಕ್ಷರಗಳ (ಡಿಎನ್‌ಎ ಬೇಸ್‌ಗಳ) ತುಂಡು. ತುಂಡಿನ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನು 55 ಡಿಗ್ರಿ ಅನೀಲಿಂಗ್‌ನಲ್ಲಿ (ನಕಲು ಆರಂಭಿಸುವ ಚಿಕ್ಕ ಎಳೆಯಾದ ಪ್ರೈಮರ್ ಅಂಟುವ ಹಂತ) 35 ಸುತ್ತು ಓಡಿಸಿದರೆ ಜೆಲ್‌ನಲ್ಲಿ ಗಟ್ಟಿ ಪಟ್ಟಿ ಬರುತ್ತದೆ, ಎರಡೂ ಕಡೆಯಿಂದ ಸ್ವಚ್ಛವಾಗಿ ಓದಬಹುದು. ಆದರೆ ಪೈನಸ್ (ಪೈನ್), ಏಬೀಸ್ (ಫರ್) ಕುಲಗಳಲ್ಲಿ ಎಷ್ಟೋ ಪ್ರಭೇದಗಳಿಗೆ ಅಕ್ಷರಶಃ ಒಂದೇ ಅನುಕ್ರಮ. ಕುಲ ಹೇಳುತ್ತದೆ, ಪ್ರಭೇದ ಹೇಳುವುದಿಲ್ಲ. ಟ್ಯಾಕ್ಸಸ್ (ಯೂ ಮರ) ಕುಲದ ಐದು ಏಷ್ಯಾ ಪ್ರಭೇದಗಳು ಅಪಾಯದಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಯುರೋಪಿನ ಟ್ಯಾಕ್ಸಸ್ ಬಕಾಟಾ ಇಲ್ಲ. ಹಾಗಾಗಿ ‘ಇದು ಟ್ಯಾಕ್ಸಸ್’ ಎಂಬಷ್ಟೇ ಉತ್ತರದಿಂದ ಅಲ್ಲಿ ಏನೂ ಸಾಗದು.

ಮ್ಯಾಟ್‌ಕೆ ಇದಕ್ಕಿಂತ ಹೆಚ್ಚು ಬದಲಾಗುವ ತುಂಡು. ಹೂಬಿಡುವ ಸಸ್ಯಗಳಿಗೆಂದು ಮಾಡಿದ ಪ್ರೈಮರ್ ಇಲ್ಲಿ ಸರಿಯಾಗಿ ಕೂರುವುದಿಲ್ಲ. ಅನಾವೃತಬೀಜಿಗಳಿಗೆಂದೇ (ಕೋನಿಫರ್‌ಗಳು ಸೇರಿದ ಗುಂಪು) ಇರುವ ಪ್ರೈಮರ್ ಜೋಡಿಯನ್ನು ತರಿಸಬೇಕು. 800ಕ್ಕೂ ಮೇಲ್ಪಟ್ಟ ಉದ್ದವಾದ್ದರಿಂದ ಹಳೆಯ ಹರ್ಬೇರಿಯಂ (ಒಣಗಿಸಿಟ್ಟ ಸಸ್ಯಗಳ ಸಂಗ್ರಹ) ಮಾದರಿಯಲ್ಲಿ ಇದು ಬರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಕ್ಲೋರೋಪ್ಲಾಸ್ಟ್‌ನದೇ ಇನ್ನೊಂದು ತುಂಡು ಟಿಆರ್‌ಎನ್‌ಎಚ್-ಪಿಎಸ್‌ಬಿಎ ಕೂಡ ಬಾರ್‌ಕೋಡ್‌ಗಳ ಪಟ್ಟಿಯಲ್ಲಿದೆ. ಒಂದೇ ಅಕ್ಷರದ ಉದ್ದ ಸಾಲು ಬಂದಲ್ಲಿ ಓದು ಜಾರುವುದರಿಂದ ನಮ್ಮ ಆಯ್ಕೆಯಲ್ಲಿ ಅದಕ್ಕೆ ಕೊನೆಯ ಸ್ಥಾನ.

ಐಟಿಎಸ್2 ಕೋಶಕೇಂದ್ರದ ಡಿಎನ್‌ಎಯ ತುಂಡು, ಅಪ್ಪ ಅಮ್ಮ ಇಬ್ಬರ ಗುರುತೂ ಅದರಲ್ಲಿರುತ್ತದೆ. ಪೈನೇಸಿಯಲ್ಲಿ (ಪೈನ್ ಕುಟುಂಬ) ಅದರ ಜೊತೆಗಿನ ಐಟಿಎಸ್1 ತುಂಡು ವಿಪರೀತ ಉದ್ದ, ಒಳಗೆ ಪುನರಾವರ್ತನೆಗಳು ಬೇರೆ. ಆದ್ದರಿಂದ ಎರಡೂ ಸೇರಿದ ಇಡೀ ಐಟಿಎಸ್‌ಗೆ ಕೈ ಹಾಕದೆ ಐಟಿಎಸ್2 ಒಂದನ್ನೇ ಹಿಡಿಯುವುದು ಲೇಸು. ತೊಂದರೆ ಎರಡು. ಒಂದು, ಸೂಜಿ ಎಲೆಯೊಳಗೇ ಶಿಲೀಂಧ್ರ ಬದುಕಿರುತ್ತದೆ. ಎಲ್ಲಕ್ಕೂ ಹೊಂದುವ ಪ್ರೈಮರ್ ಹಾಕಿದರೆ ಚೆಂದದ ಪಟ್ಟಿ ಬರುತ್ತದೆ, ಓದಿ ನೋಡಿದರೆ ಮರದ್ದಲ್ಲ! ಆಲ್ಕೋಹಾಲ್‌ನಲ್ಲಿ ಒರೆಸಿದರೆ ಹೊರಗಿನದಷ್ಟೇ ಹೋಗುತ್ತದೆ. ಆಗಷ್ಟೇ ಚಿಗುರಿದ ಎಲೆ ಮತ್ತು ಸಸ್ಯಕ್ಕೇ ಮೀಸಲಾದ ಪ್ರೈಮರ್ ಬಳಸಿ. ಎರಡು, ಒಂದೇ ಮರದಲ್ಲಿ ಭಿನ್ನ ಪ್ರತಿಗಳಿದ್ದು ಓದಿನ ನಕ್ಷೆಯಲ್ಲಿ ಜೋಡಿ ಶಿಖರಗಳು ಏಳುತ್ತವೆ. ಅದನ್ನು ಕಂಡ ಕೂಡಲೇ ಮಿಶ್ರತಳಿ ಎಂದು ತೀರ್ಮಾನಿಸಬೇಡಿ. ಕ್ಲೋನ್ ಮಾಡಿ ಪ್ರತಿಗಳನ್ನು ಬಿಡಿಸಿ ನೋಡಬೇಕು.

ಮಿಶ್ರತಳಿಯ ವಿಷಯದಲ್ಲೇ ಹೋಲಿಕೆಯ ಅಸಲಿ ಗಂಟು ಇದೆ. ಹೂಬಿಡುವ ಬಹುತೇಕ ಗಿಡಗಳಲ್ಲಿ ಕ್ಲೋರೋಪ್ಲಾಸ್ಟ್ ತಾಯಿಯಿಂದ ಬಂದರೆ ಕೋನಿಫರ್‌ಗಳಲ್ಲಿ ಪರಾಗದ ಮೂಲಕ ತಂದೆಯಿಂದ ಬರುತ್ತದೆ. ತೋಟಗಳ ಟ್ಯಾಕ್ಸಸ್ ಮೀಡಿಯಾ ಎಂಬುದು ಬಕಾಟಾ ಮತ್ತು ಕಸ್ಪಿಡಾಟಾಗಳ ಮಿಶ್ರಣ. ಅದಕ್ಕೆ ಕ್ಲೋರೋಪ್ಲಾಸ್ಟ್ ಬಾರ್‌ಕೋಡ್ ಎಷ್ಟೇ ಉದ್ದ ಓದಿದರೂ ಒಬ್ಬ ಪಾಲಕನ ಹೆಸರೇ ಸಿಗುವುದು, ಅದೂ ಪೂರ್ಣ ವಿಶ್ವಾಸದಿಂದ.

ಇದನ್ನೇ ಬೀಜ ಸಂಗ್ರಹದಲ್ಲಿ ಉಪಯೋಗಕ್ಕೆ ತಿರುಗಿಸಬಹುದು. ಭ್ರೂಣವನ್ನು ಸುತ್ತುವರಿದ ಬಿಳಿ ಆಹಾರಭಾಗ ಪೂರ್ತಿ ತಾಯಿಮರದ್ದು. ಭ್ರೂಣದ ಕ್ಲೋರೋಪ್ಲಾಸ್ಟ್ ಪರಾಗ ಕೊಟ್ಟ ಮರದ್ದು. ಬೀಜವನ್ನು 24 ಗಂಟೆ ನೆನೆಸಿ, ಸಿಪ್ಪೆ ಬಿಡಿಸಿ, ಲೆನ್ಸ್ ಕೆಳಗೆ ಉದ್ದಕ್ಕೆ ಸೀಳಿ ಭ್ರೂಣವನ್ನು ಚಿಮುಟದಿಂದ ಎತ್ತಿ, ತೊಳೆದು ಬೇರೆ ನಳಿಕೆಗೆ ಹಾಕಿ. ಪ್ರತಿ ಬೀಜಕ್ಕೂ ಹೊಸ ಬ್ಲೇಡ್ ಬೇಕು, ಇಲ್ಲದಿದ್ದರೆ ಒಂದರ ಡಿಎನ್‌ಎ ಇನ್ನೊಂದಕ್ಕೆ ಅಂಟಿ ಉತ್ತರ ಕೆಡುತ್ತದೆ. ಭ್ರೂಣದ ಡಿಎನ್‌ಎ ಅತ್ಯಲ್ಪ, 30 ಮೈಕ್ರೋಲೀಟರ್‌ಗಿಂತ ಹೆಚ್ಚು ದ್ರವದಲ್ಲಿ ಇಳಿಸಬೇಡಿ. ಎರಡು ಭಾಗಗಳ ಗುರುತು ಬೇರೆ ಪ್ರಭೇದಗಳದ್ದಾದರೆ ಬೇರೆ ಪ್ರಭೇದದ ಪರಾಗ, ಬಹುಶಃ ಪಕ್ಕದ ನೆಡುತೋಪಿನದು, ಹಾರಿ ಬಂದಿದೆ ಎಂದರ್ಥ. ಆ ಎರಡು ಪ್ರಭೇದಗಳನ್ನು ನಿಮ್ಮ ತುಂಡು ಬೇರ್ಪಡಿಸಬಲ್ಲದೇ ಎಂದು ಮೊದಲೇ ನೋಡಿಕೊಂಡಿರಬೇಕು, ಅಷ್ಟೆ.

ಇಡೀ ಕ್ಲೋರೋಪ್ಲಾಸ್ಟ್ ಓದುವ ದಾರಿ ದುಬಾರಿ, ಆದರೆ ಹತ್ತಿರದ ಪ್ರಭೇದಗಳನ್ನು ಬಿಡಿಸುವುದರಲ್ಲಿ ಮೇಲಿನ ಒಂಟಿ ತುಂಡುಗಳಿಗಿಂತ ಬಹಳ ಮುಂದೆ. ಪೈನಸ್‌ನಲ್ಲಿ ಅದು ಸುಮಾರು 1,20,000 ಅಕ್ಷರ. ಕೋಶಕೇಂದ್ರದ ಜೀನೋಮ್ 2,000 ಕೋಟಿ ಅಕ್ಷರಗಳ ಆಸುಪಾಸು ಇರುವುದರಿಂದ ಓದಿದ್ದರಲ್ಲಿ ಬಹುಪಾಲು ವ್ಯರ್ಥ. ಆದರೂ 200 ಕೋಟಿ ಅಕ್ಷರ ಓದಿ ಶೇ. 1 ಮಾತ್ರ ಕ್ಲೋರೋಪ್ಲಾಸ್ಟ್ ಸಿಕ್ಕರೂ ಪ್ರತಿ ಜಾಗವೂ ಸುಮಾರು 167 ಸಲ ಓದಿಸಿಕೊಂಡಂತಾಯಿತು, ಧಾರಾಳ ಸಾಕು. ತಂದೆಯ ಗುರುತು ಮಾತ್ರ ಎಂಬ ಮಿತಿ ಇಲ್ಲಿಯೂ ಇದ್ದೇ ಇದೆ.

ವಶಪಡಿಸಿಕೊಂಡ ಮರದ ದಿಮ್ಮಿಯಲ್ಲಿ ಡಿಎನ್‌ಎ ಚೂರುಚೂರಾಗಿರುತ್ತದೆ. ಅಲ್ಲಿ 150 ಅಕ್ಷರದೊಳಗಿನ, ಕ್ಲೋರೋಪ್ಲಾಸ್ಟ್‌ನ ಟಿಆರ್‌ಎನ್‌ಎಲ್ ಪಿ6 ಕುಣಿಕೆಯಂಥ ಚಿಕ್ಕ ತುಂಡೇ ಗತಿ, ಅದೂ ತಿರುಳಿಗಿಂತ ಹೊರಗಿನ ರಸಕಾಷ್ಠದಿಂದ ತೆಗೆದಾಗ.

ಡಿಎನ್‌ಎ ತೆಗೆಯುವಾಗ ಕಾಲಮ್ ಕಿಟ್‌ನಲ್ಲಿ ಕೆಲಸ ಬೇಗ ಮುಗಿಯುತ್ತದೆ. ಆದರೆ ರಾಳ, ಫಿನಾಲ್ ಹೆಚ್ಚಿರುವ ಸೂಜಿಗಳಿಗೆ ಸಿಟಿಎಬಿ (ಒಂದು ಡಿಟರ್ಜೆಂಟ್) ವಿಧಾನವೇ ಒಳ್ಳೆಯದು. ಎಲೆಯ ಹತ್ತು ಪಟ್ಟು ತೂಕದ ಸಿಲಿಕಾದಲ್ಲಿ ಒಣಗಿಸಿದ 20 ಮಿಲಿಗ್ರಾಂ ಸೂಜಿಗೆ ಶೇ. 2 ಸಿಟಿಎಬಿ, ಫಿನಾಲ್ ಹಿಡಿಯುವ ಪಿವಿಪಿ ಶೇ. 2, 1.4 ಮೋಲಾರ್ ಉಪ್ಪು ಇರುವ ದ್ರಾವಣ. ಬಳಸುವ ಮುನ್ನ ಮರ್ಕ್ಯಾಪ್ಟೋಎಥನಾಲ್ ಬೆರೆಸಿ 65 ಡಿಗ್ರಿಯಲ್ಲಿ ಒಂದು ಗಂಟೆ. ಕೊನೆಗೆ ಕಂದು ಬಣ್ಣ ಉಳಿದರೆ ಪಿಸಿಆರ್ ನಿಂತುಹೋಗುತ್ತದೆ. ಆಗ ಡಿಎನ್‌ಎ ಹೆಚ್ಚು ಸುರಿಯುವುದು ತಪ್ಪು. ಹತ್ತು ಪಟ್ಟು ತೆಳು ಮಾಡಿ, ಸ್ವಲ್ಪ ಬಿಎಸ್‌ಎ (ಪಿಸಿಆರ್‌ಗೆ ಅಡ್ಡಿಯಾಗುವುದನ್ನು ಹಿಡಿಯುವ ಪ್ರೋಟೀನ್) ಸೇರಿಸಿ.

ಒಂದೇ ಕುಲದ ಪ್ರಭೇದಗಳ ನಡುವಿನ ಪ್ರಶ್ನೆಯಾದರೆ ಆರ್‌ಬಿಸಿಎಲ್ ಬಿಟ್ಟು ಐಟಿಎಸ್2 ಜತೆಗೆ ಕ್ಲೋರೋಪ್ಲಾಸ್ಟ್‌ನ ಟಿಆರ್‌ಎನ್‌ಎಲ್-ಎಫ್ ತುಂಡನ್ನು ಹಿಡಿಯಿರಿ. ಟ್ಯಾಕ್ಸಸ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಶೇ. 100 ಹೊಂದಿಕೆ ಬಂತೆಂದು ಹೆಸರು ಬರೆಯುವ ಮೊದಲು ಆ ಕುಲದ ಎಷ್ಟು ಪ್ರಭೇದಗಳು ದತ್ತಸಂಚಯದಲ್ಲಿವೆ, ಅವುಗಳಲ್ಲಿ ಎಷ್ಟಕ್ಕೆ ಹರ್ಬೇರಿಯಂ ಮಾದರಿಯ ಸಂಖ್ಯೆ ಇದೆ ಎಂದು ಎಣಿಸಿ. ಪಟ್ಟಿಯಲ್ಲೇ ಇಲ್ಲದ ಪ್ರಭೇದದ ಮಾದರಿ ಅದರ ನೆರೆಯ ಪ್ರಭೇದದ ಹೆಸರಿನಲ್ಲಿ ಹೊರಬರುತ್ತದೆ.