ನುಡಿಯಲ್ಲಿ ಟೈಪಿಸಿದ ಪ್ರಬಂಧಕ್ಕೆ ಕಂಟ್ರೋಲ್ ಎ ಒತ್ತಲು ಬಿಡಬೇಡಿ

ಮಹಾಪ್ರಬಂಧ ಪ್ರಿಂಟಿಗೆ ಕೊಡಲು ಹೊರಟಿರುವವರು ಒಮ್ಮೆ ಇದನ್ನು ಓದಿ. ನನ್ನ ಮೂರು ರಾತ್ರಿಯ ನಿದ್ದೆ ಹೋಯಿತು, ಸಲ್ಲಿಸುವ ದಿನವೂ ತಪ್ಪಿತು.

ನನ್ನದು ಜಾನಪದದ ಪ್ರಬಂಧ, 220 ಪುಟ. ಕನ್ನಡವೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ. ನಡುನಡುವಿನ ಇಂಗ್ಲಿಷ್ ಪದಗಳು ಮತ್ತು ಇಂಗ್ಲಿಷ್ ಗ್ರಂಥಋಣ ಟೈಮ್ಸ್ ನ್ಯೂ ರೋಮನ್‌ನಲ್ಲಿ. ವರ್ಡ್ ಕಡತವನ್ನೇ ಡಿಟಿಪಿ ಅಂಗಡಿಗೆ ಕೊಟ್ಟೆ. "ಫಾಂಟ್ ಒಂದೊಂದು ಕಡೆ ಒಂದೊಂದು ಥರ ಇದೆ ಸರ್, ಎಲ್ಲಾ ಒಂದೇ ಮಾಡ್ಬಿಡ್ತೀನಿ" ಅಂದ ಹುಡುಗ ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಆಯ್ಕೆ ಮಾಡಿ ಇಡೀ ಕಡತಕ್ಕೆ ನುಡಿ ಫಾಂಟ್ ಹಾಕಿ, ಸೇವ್ ಮಾಡಿ ಮುಚ್ಚಿದ. ಮುಚ್ಚಿದ ಮೇಲೆ ಅನ್‌ಡೂ ಎಲ್ಲಿಂದ ಬರಬೇಕು? ಮನೆಯಲ್ಲಿದ್ದ ಪ್ರತಿಯೋ, ಗೈಡ್ ತಿದ್ದುವುದಕ್ಕೆ ಮೊದಲಿನದು.

ಇಂಗ್ಲಿಷ್ ಇದ್ದಲ್ಲೆಲ್ಲ ಅರ್ಥವಿಲ್ಲದ ಕನ್ನಡ ಒತ್ತಕ್ಷರ, ಕೊಂಬು, ದೀರ್ಘಗಳ ರಾಶಿ. ಕಾರಣ ಆಮೇಲೆ ತಿಳಿಯಿತು. ಆಸ್ಕಿ ಕಡತದಲ್ಲಿ ಕಂಪ್ಯೂಟರಿಗೆ ಕನ್ನಡ ಅಂತ ಒಂದು ಇರುವುದೇ ಇಲ್ಲ. ನಮಗೆ 'ಕ' ಎಂದು ಕಾಣುವುದರ ಒಳಗಿರುವುದು ರೋಮನ್ ದೊಡ್ಡ ಪಿ ಮತ್ತು ನೆತ್ತಿಯ ಮೇಲೆ ಗೀಟಿರುವ ಎ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂಬ ಗುರುತು ಇದ್ದದ್ದು ಫಾಂಟಿನಲ್ಲೇ. ಅದನ್ನು ಅಳಿಸಿದರೆ ಗುರುತೇ ಹೋಯಿತು.

ಗ್ರಂಥಋಣದ ಪುಟಗಳಿಗೆ ಮತ್ತೆ ಟೈಮ್ಸ್ ಹಾಕಿದೆ, ಸರಿಯಾಯಿತು. ಅಡಿಟಿಪ್ಪಣಿಗಳು ಉಳಿದಿದ್ದವು, ಪಠ್ಯದೊಳಗೆ ನಿಂತು ಕಂಟ್ರೋಲ್ ಎ ಒತ್ತಿದರೆ ಅವು ಆಯ್ಕೆಯಾಗುವುದಿಲ್ಲ. ಆದರೆ ವಾಕ್ಯಗಳ ಮಧ್ಯದ ಇಂಗ್ಲಿಷ್ ಪದಗಳನ್ನು ಸಾಲು ಸಾಲು ಓದಿ ಒಂದೊಂದಾಗಿ ಹಿಡಿಯಬೇಕಾಯಿತು. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದರೂ ಇದೇ ಕಾಟ: ಇಂಗ್ಲಿಷ್ ಪದವನ್ನೂ ಅದು ಕನ್ನಡವೆಂದೇ ತಿಳಿದು ಬದಲಾಯಿಸಿಬಿಡುತ್ತದೆ.

ಇನ್ನೊಂದು ಏಟು ಪುಟದ ಅಳತೆಯದು. ನಾನು ಟೈಪಿಸಿದ್ದು 279 ಮಿಲಿಮೀಟರ್ ಎತ್ತರದ ಲೆಟರ್ ಅಳತೆಯಲ್ಲಿ. ಅಂಗಡಿಯಲ್ಲಿ ಅದನ್ನು 297 ಮಿಲಿಮೀಟರಿನ ಎ4 ಮಾಡಿದರು. ಹೊಸ ಅಧ್ಯಾಯಕ್ಕೆ ನಾನು ಎಂಟರ್ ಒತ್ತುತ್ತಾ ಹೋಗಿ ಪುಟ ದಾಟಿಸಿದ್ದೆ. ಪುಟ ಉದ್ದವಾದ ಕೂಡಲೇ ಶೀರ್ಷಿಕೆಗಳು ಹಿಂದಿನ ಪುಟದ ತಳಕ್ಕೆ ಹತ್ತಿ ಕೂತವು. ಕೈಯಾರೆ ಟೈಪಿಸಿದ ಪರಿವಿಡಿಯ ಪುಟಸಂಖ್ಯೆಗಳೆಲ್ಲ ಸುಳ್ಳಾದವು.

ಇನ್ನೂ ಬರೆಯಲು ಶುರು ಮಾಡದವರು ಯೂನಿಕೋಡಿನಲ್ಲೇ ಟೈಪಿಸಿ. ನುಡಿಯಲ್ಲೂ ಆ ಆಯ್ಕೆ ಇದೆ. ಮೊದಲ ಸಾಲಿಗೂ ಮುಂಚೆ ಪುಟವನ್ನು ಎ4 ಮಾಡಿಕೊಳ್ಳಿ. ಹೊಸ ಅಧ್ಯಾಯಕ್ಕೆ ಕಂಟ್ರೋಲ್ ಎಂಟರ್. ಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಕೊಟ್ಟಿದ್ದರೆ ಪರಿವಿಡಿಯನ್ನು ವರ್ಡೇ ಮಾಡಿಕೊಡುತ್ತದೆ. ಪುಟ ಬದಲಾದರೆ ಅಪ್‌ಡೇಟ್ ಒತ್ತಿದರಾಯಿತು. ಆಸ್ಕಿಯಲ್ಲಿ ಈಗಾಗಲೇ ಮುಗಿಸಿರುವವರು ಕಡತವನ್ನು ಕೊಡಲೇಬೇಡಿ. ನಿಮ್ಮ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ, ಪ್ರತಿ ಪುಟವನ್ನೂ ಕಣ್ಣಾರೆ ನೋಡಿ, ಅದನ್ನಷ್ಟೇ ಅಂಗಡಿಗೆ ಒಯ್ಯಿರಿ.