ಈಜುಕೊಳದ ಅಂದಾಜು ಮತ್ತು ಕೊನೆಯ ಬಿಲ್ಲು: ಮೂರು ಬಗೆಗಳ ಹೋಲಿಕೆ

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಸಮೀಪದ ನಮ್ಮ ಕಾಫಿ ತೋಟದಲ್ಲಿ ಒಂದು ಕೆರೆಯಿದೆ. ಸ್ಪ್ರಿಂಕ್ಲರ್ ಹೊಡೆಯಲೆಂದು ತೋಡಿಸಿದ, ದಂಡೆಯಿಂದ ಎರಡು ಹೆಜ್ಜೆ ಮುಂದಿಟ್ಟರೆ ಆಳ ತಿಳಿಯದ, ತಳದಲ್ಲಿ ಮೊಣಕಾಲುದ್ದ ಕೆಸರಿರುವ ಆ ಕೆರೆಗೆ ಮಕ್ಕಳನ್ನು ಇಳಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ. ಅವರಿಗೆ ಈಜು ಕಲಿಸಬೇಕೆಂಬ ಆಸೆ ಮಾತ್ರ ಹೋಗಲಿಲ್ಲ. ಆ ಆಸೆಯಿಂದಾಗಿ ಮೂರು ಬಗೆಯ ಈಜುಕೊಳಗಳ ಖರ್ಚನ್ನು ನಾನು ಹತ್ತಿರದಿಂದ ನೋಡುವಂತಾಯಿತು. 2021 ಮತ್ತು 2022ರ ಬೇಸಿಗೆಗಳಲ್ಲಿ ನಮ್ಮ ಕಣದಲ್ಲಿ ನಿಲ್ಲಿಸಿದ ಪ್ಲಾಸ್ಟಿಕ್ ಕೊಳ ಮೊದಲನೆಯದು. 2022ರಲ್ಲಿ ಹಾಸನದ ಅಕ್ಕನ ಮನೆಯ ಹಿತ್ತಲಿನಲ್ಲಿ ಇಳಿಸಿದ ಫೈಬರ್ ಕೊಳ ಎರಡನೆಯದು. 2023ರಲ್ಲಿ ನಾವೇ ಕಟ್ಟಿಸಿದ ಆರ್‌ಸಿಸಿ, ಅಂದರೆ ಕಬ್ಬಿಣದ ಸರಳು ಕಟ್ಟಿ ಕಾಂಕ್ರೀಟ್ ಸುರಿದ ಕೊಳ ಮೂರನೆಯದು. ಅಕ್ಕನ ಮನೆಯ ಕೆಲಸದ ಲೆಕ್ಕ ಬರೆದವನೂ ನಾನೇ ಆಗಿದ್ದರಿಂದ ಮೂರರ ಚೀಟಿಗಳೂ ನನ್ನ ಬಳಿ ಉಳಿದಿವೆ. ಮುಂದೆ ಹೇಳುವ ದರಗಳು ಆಯಾ ವರ್ಷ ನಾವು ಕೊಟ್ಟವು. ಈಗ ಹೊಸದಾಗಿ ಮಾಡಿಸುವವರು ಇಂದಿನ ದರವನ್ನು ವಿಚಾರಿಸಿಕೊಳ್ಳಬೇಕು.

ಅಂದಾಜು ಕೇಳುವ ಮೊದಲು ಗಾತ್ರವನ್ನು ನಾವೇ ನಿಶ್ಚಯಿಸಿಕೊಂಡಿರಬೇಕು, ಇಲ್ಲದಿದ್ದರೆ ಬಂದವರು ನಿಶ್ಚಯಿಸುತ್ತಾರೆ. ಅಕ್ಕನ ಕೊಳವೂ ನಮ್ಮದೂ 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ನೀರಿನ ಆಳದವು, ಅಂದರೆ 800 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರಿನಂತೆ ಅದು ಸುಮಾರು 22,600 ಲೀಟರ್ ನೀರು. ನಮ್ಮಲ್ಲಿಗೆ ಬಂದ ಗುತ್ತಿಗೆದಾರರು ಐದೂವರೆ ಅಡಿ ಆಳವಿದ್ದರೆ ಚೆಂದವೆಂದು ಒತ್ತಾಯಿಸಿದರು. ಈ ಅಳತೆಯಲ್ಲಿ ಆಳವನ್ನು ಒಂದು ಅಡಿ ಹೆಚ್ಚಿಸಿದರೂ 5,600 ಲೀಟರ್ ನೀರು ಹೆಚ್ಚುತ್ತದೆ. ಅದರೊಂದಿಗೆ ಅಗೆತ, ಕಬ್ಬಿಣ, ಟೈಲ್ಸ್, ಪಂಪು, ಕ್ಲೋರಿನ್ ಎಲ್ಲವೂ ಹೆಚ್ಚುತ್ತವೆ. ಮಕ್ಕಳು ಕಲಿಯಲು, ದೊಡ್ಡವರು ನಾಲ್ಕು ಸಲ ಅಡ್ಡಾಡಲು 4 ಅಡಿ ಸಾಕೆಂಬ ನಮ್ಮ ಹಟ ಈಗಲೂ ಸರಿಯೆನಿಸುತ್ತದೆ.

ಪ್ಲಾಸ್ಟಿಕ್ ಕೊಳದ ವಿಷಯವನ್ನು ಬೇಗ ಮುಗಿಸಬಹುದು. 15 ಅಡಿ ಉದ್ದ, 7 ಅಡಿ ಅಗಲದ, ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ದಪ್ಪ ಪಿವಿಸಿ ಹಾಳೆಯನ್ನು ತೂಗುಹಾಕಿದ ಆ ಕೊಳ, ಸಣ್ಣ ಫಿಲ್ಟರ್ ಸೇರಿ 31,000 ರೂಪಾಯಿಗೆ ಬಂತು. ಎರಡೂವರೆ ಅಡಿ ನೀರಿಗೆ 7,400 ಲೀಟರ್ ಹಿಡಿಯುತ್ತಿತ್ತು. ಇಂಥ ಕೊಳಕ್ಕೆ ನೆಲ ಸ್ವಲ್ಪವೂ ವಾಲಿರಬಾರದು. ವಾಲಿದರೆ ನೀರಿನ ಭಾರವೆಲ್ಲ ಒಂದೇ ಪಕ್ಕಕ್ಕೆ ಬಿದ್ದು ಚೌಕಟ್ಟು ಬಾಗುತ್ತದೆ. ಬೇರೆಯವರು ನೆಲ ಸಮ ಮಾಡಿಸಲು ಹಣ ಸುರಿಯಬೇಕಾದಲ್ಲಿ ನಮಗೆ ಕಾಫಿ ಒಣಗಿಸುವ ಸಿಮೆಂಟ್ ಕಣ ಸಿದ್ಧವಾಗಿಯೇ ಇತ್ತು. ಮಾರ್ಚ್ ಕೊನೆಗೆ ರೊಬಸ್ಟಾ ಒಣಗಿ ಮೂಟೆ ಸೇರಿದ ಮೇಲೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿ ಕೆಲಸವಿರುವುದಿಲ್ಲ. ಮಕ್ಕಳಿಗೆ ರಜೆಯೂ ಆಗಲೇ. ಕೆಳಗೆ ಹಾಸಿದ ಟಾರ್ಪಾಲು, ಥರ್ಮೋಕೋಲ್ ಹಾಳೆಗಳಿಗೆ 4,500, ಎರಡು ಬೇಸಿಗೆಯ ಫಿಲ್ಟರ್ ತುಂಡು ಮತ್ತು ಕ್ಲೋರಿನ್‌ಗೆ 5,200 ಸೇರಿ ಒಟ್ಟು 40,700 ರೂಪಾಯಿಯಾಯಿತು. ನನ್ನ ಹೆಂಡತಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಂತೆ ಎರಡು ಬೇಸಿಗೆಗಳಲ್ಲಿ ಮಕ್ಕಳು ನೀರಿಗಿಳಿದದ್ದು 83 ದಿನ. ದಿನಕ್ಕೆ 490 ರೂಪಾಯಿ ಬಿದ್ದಂತಾಯಿತು. ಮೂರನೆಯ ಬೇಸಿಗೆ ಅದರ ಪಾಲಿಗೆ ಬರಲಿಲ್ಲ. ಮಳೆಗಾಲದಲ್ಲಿ ಮಡಿಸಿ ಗೋದಾಮಿನಲ್ಲಿಟ್ಟಿದ್ದ ಹಾಳೆಯನ್ನು ಇಲಿಗಳು ಮಡಿಕೆ ಮಡಿಕೆಗೂ ಕಡಿದಿದ್ದವು. ಅದರಲ್ಲಿ ಮಕ್ಕಳು ನೀರಿನ ಭಯ ಬಿಟ್ಟರೇ ಹೊರತು ಈಜು ಕಲಿಯಲಿಲ್ಲ ಎಂಬುದನ್ನೂ ಹೇಳಬೇಕು.

ಅಕ್ಕನ ಮನೆ ಇರುವುದು ಹಾಸನದ ಹೊರವಲಯದ ಬಡಾವಣೆಯಲ್ಲಿ; ನೆಲ ಸಮತಟ್ಟು, ರಸ್ತೆ ಅಗಲ. ಭಾವ ಫೈಬರ್ ಕೊಳವನ್ನು ಆರಿಸಿದ್ದಕ್ಕೆ ಮುಖ್ಯ ಕಾರಣ ಸಮಯ. ತೊಟ್ಟಿ ಕಾರ್ಖಾನೆಯಲ್ಲಿಯೇ ಅಚ್ಚಿನಲ್ಲಿ ತಯಾರಾಗಿ ಬರುತ್ತದೆ, ಗುಂಡಿ ತೋಡಿ ಇಳಿಸಿದರೆ ಆಯಿತು ಎಂಬ ಮಾತು ಬಹುಮಟ್ಟಿಗೆ ನಿಜವೇ ಆಯಿತು. ಜೆಸಿಬಿ ಬಂದ ದಿನದಿಂದ ನೀರು ತುಂಬಿದ ದಿನದವರೆಗೆ ಒಂಬತ್ತೇ ದಿನ. ಆದರೆ ಅಂದಾಜು ಪಟ್ಟಿಯಲ್ಲಿ ದಪ್ಪಕ್ಷರದಲ್ಲಿದ್ದ 4,25,000 ರೂಪಾಯಿ ಕೊನೆಯ ಬಿಲ್ಲಾಗಲಿಲ್ಲ. ಅದು ತೊಟ್ಟಿ, ಪಂಪು, ಫಿಲ್ಟರ್‌ಗಳ ಬೆಲೆ ಮಾತ್ರ. ಅದರ ಮೇಲೆ ಶೇ 18ರ ಜಿಎಸ್‌ಟಿ 76,500, ಲಾರಿ ಬಾಡಿಗೆ 32,000, ಮನೆಯ ಪಕ್ಕದಿಂದ ಎತ್ತಿ ಹಿತ್ತಲಿಗೆ ಇಳಿಸಿದ ಕ್ರೇನಿಗೆ 14,000, ಅಗೆತಕ್ಕೆ 22,000, ತಳದ ಕಾಂಕ್ರೀಟ್ ಹಾಸಿಗೆ 24,000, ಸುತ್ತಲಿನ ಸಂದು ತುಂಬಿದ ಎಂ-ಸ್ಯಾಂಡ್ ಮತ್ತು ಕೂಲಿಗೆ 38,000, ದಂಡೆಯ ಕಲ್ಲುಹಾಸಿಗೆ 45,000, ವಿದ್ಯುತ್ ಕೆಲಸಕ್ಕೆ 12,000. ಎಲ್ಲ ಕೂಡಿದರೆ 6,88,500. ಪಟ್ಟಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ 'ಸಿವಿಲ್ ಕೆಲಸ ಗ್ರಾಹಕರದು' ಎಂದು ಒಂದು ಸಾಲಿತ್ತು. ಎರಡೂವರೆ ಲಕ್ಷಕ್ಕಿಂತ ಹೆಚ್ಚಿನ ವ್ಯತ್ಯಾಸದಲ್ಲಿ ತೆರಿಗೆ ಮತ್ತು ಸಾಗಣೆ ಬಿಟ್ಟರೆ ಉಳಿದದ್ದೆಲ್ಲ ಆ ಒಂದು ಸಾಲಿನಲ್ಲಿ ಅಡಗಿತ್ತು.

ನಾವೂ ಫೈಬರ್ ಕೊಳವನ್ನೇ ತರಿಸುವವರಿದ್ದೆವು. ಅಳತೆಗೆ ಬಂದವರು ಗೇಟಿನಿಂದ ಮನೆಯವರೆಗಿನ ತೋಟದ ರಸ್ತೆಯನ್ನು ಒಮ್ಮೆ ನಡೆದು ನೋಡಿ, ಎರಡು ತಿರುವುಗಳಲ್ಲಿ ಸಿಲ್ವರ್ ಮರಗಳನ್ನು ಕಡಿಯದೆ 20 ಅಡಿಯ ತೊಟ್ಟಿ ಹೊತ್ತ ಲಾರಿ ತಿರುಗದೆಂದು ಅಲ್ಲಿಯೇ ಹೇಳಿಬಿಟ್ಟರು. ಅವರ ಈ ಪ್ರಾಮಾಣಿಕತೆಗೆ ನಾನು ಋಣಿ. ಮೆಣಸಿನ ಬಳ್ಳಿ ಹಬ್ಬಿದ ಮರಗಳನ್ನು ಕಡಿಯುವ ಮಾತೇ ಇರಲಿಲ್ಲವಾದ್ದರಿಂದ ಆರ್‌ಸಿಸಿ ನಮ್ಮ ಆಯ್ಕೆಯಾಯಿತು ಎನ್ನುವುದಕ್ಕಿಂತ ನಮಗೆ ಉಳಿದ ದಾರಿಯಾಯಿತು ಎನ್ನಬೇಕು.

ಇಬ್ಬರು ಗುತ್ತಿಗೆದಾರರು ಚದರಡಿಗೆ ಇಷ್ಟೆಂದು ಒಂದೇ ಸಾಲಿನ ದರ ಹೇಳಿದರು. ಅದರಿಂದ ಯಾವ ಹೋಲಿಕೆಯೂ ಸಾಧ್ಯವಾಗಲಿಲ್ಲ. ಮೂರನೆಯವರಾದ ನಮ್ಮೂರಿನ ಮೇಸ್ತ್ರಿ ಮಾತ್ರ ಪ್ರಮಾಣಗಳನ್ನು ಬರೆದುಕೊಟ್ಟರು. ತಳ ಮತ್ತು ಗೋಡೆ 8 ಇಂಚು ದಪ್ಪವೆಂದು ಹಿಡಿದರೆ ಹತ್ತೂವರೆ ಘನ ಮೀಟರ್ ಕಾಂಕ್ರೀಟ್. ಘನ ಮೀಟರಿಗೆ 100 ಕಿಲೋದಂತೆ 1,050 ಕಿಲೋ ಕಬ್ಬಿಣ. ಒಳಮೈ 440 ಚದರಡಿ. ಈ ಮೂರು ಅಂಕಿಗಳು ಕೈಯಲ್ಲಿದ್ದರೆ ಅಂದಾಜಿನ ಹೆಚ್ಚುಪಾಲು ನಾವೇ ಹಾಕಿಕೊಳ್ಳಬಹುದು. ಕಬ್ಬಿಣಕ್ಕೆ ಕಿಲೋಗೆ 66 ರೂಪಾಯಿಯಂತೆ 69,300, ಕಾಂಕ್ರೀಟಿಗೆ ಸಾಮಗ್ರಿ, ಕೂಲಿ ಸೇರಿ 75,600, ಸೆಂಟ್ರಿಂಗ್ ಮತ್ತು ಕಬ್ಬಿಣ ಕಟ್ಟುವ ಕೂಲಿ 58,000, ವಾಟರ್‌ಪ್ರೂಫಿಂಗ್ 33,000, ಟೈಲ್ಸ್ ಮತ್ತು ಹಾಕುವ ಕೂಲಿ 72,500, ಪಂಪು, ಮರಳಿನ ಫಿಲ್ಟರ್, ಅದರ ಬಿಡಿಭಾಗಗಳು 1,45,000. ಅಗೆತ, ಕಲ್ಲುಹಾಸು, ಪೈಪು, ದೀಪ, ದಂಡೆ ಎಲ್ಲ ಸೇರಿ ಅಂದಾಜು 6,17,500ಕ್ಕೆ ನಿಂತಿತು. ಅಕ್ಕನ ಕೊಳಕ್ಕಿಂತ 71,000 ಕಡಿಮೆಯೆಂದು ನಾನು ಫೋನಿನಲ್ಲಿ ಭಾವನ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು.

ಜಂಬ ಇಳಿದದ್ದು ಗುಂಡಿ ಮೂರೂವರೆ ಅಡಿ ಇಳಿದಾಗ. ಮೇಲ್ದಂಡೆಯ ಮೂಲೆಯಲ್ಲಿ, ಫೆಬ್ರವರಿಯ ಒಣ ಹವೆಯಲ್ಲಿಯೂ, ಬೆರಳು ಗಾತ್ರದ ಒರತೆ ಕಾಣಿಸಿಕೊಂಡಿತು. ತಳದ ಕೆಳಗೆ ಜಲ್ಲಿ ಹಾಸಿ, ತೂತು ಕೊರೆದ ನಾಲ್ಕಿಂಚಿನ ಪೈಪುಗಳನ್ನು ಇಳಿಜಾರಿನತ್ತ ಒಯ್ಯಲು 26,000 ಬೇಕಾಯಿತು. ಕೆಳದಂಡೆಯ ಮಣ್ಣು ಮಳೆಗೆ ಜರಿಯದಂತೆ ಸೈಜುಗಲ್ಲಿನ ತಡೆಗೋಡೆಗೆ 62,000. ಪಂಪಿನ ಗೂಡಿಗೆ 24,000. ಮಕ್ಕಳು ಒಬ್ಬರೇ ಹೋಗದಂತೆ ಬೇಲಿ ಮತ್ತು ಗೇಟಿಗೆ 38,000. ಟೈಲ್ಸ್ ಹಾಕುವ ಮೊದಲು ನೀರು ತುಂಬಿ ಏಳು ದಿನ ಬಿಟ್ಟು ನೋಡುವ ಪರೀಕ್ಷೆಯಲ್ಲಿ ಮಟ್ಟ ಇಳಿಯಿತು. ಆವಿಯಾಗಿದ್ದೋ ಸೋರಿದ್ದೋ ತಿಳಿಯಲು ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಟ್ಟು ಎರಡರ ಇಳಿತವನ್ನೂ ಅಳೆದೆವು. ಬಕೆಟ್ಟಿಗಿಂತ ಕೊಳ ಮುಕ್ಕಾಲು ಇಂಚು ಹೆಚ್ಚು ಇಳಿದಿತ್ತು. ದೀಪದ ಗೂಡಿನ ಸುತ್ತ ಮತ್ತೆ ವಾಟರ್‌ಪ್ರೂಫಿಂಗ್ ಮಾಡಿಸಲು 19,000. ಒಟ್ಟು 7,86,500. ಅಂದಾಜಿಗಿಂತ 1,69,000 ಹೆಚ್ಚು. ಆ ಹೆಚ್ಚಳದಲ್ಲಿ ಒಂದು ರೂಪಾಯಿಯೂ ಕೊಳದ ಅಂದಕ್ಕೆ ಹೋದದ್ದಲ್ಲ, ಎಲ್ಲವೂ ಜಾಗಕ್ಕೆ ಮತ್ತು ನೀರಿಗೆ ಹೋಯಿತು.

ಹಣವಲ್ಲದ ಖರ್ಚೂ ಒಂದಿತ್ತು. ಕೆಲಸ ಆರಂಭಿಸಿದ ಕಾಲ ರೊಬಸ್ಟಾ ಕುಯ್ಲಿನದು. ಆಳುಗಳು ತೋಟಕ್ಕೇ ಸಾಲದಿರುವಾಗ ಮೇಸ್ತ್ರಿಗೆ ಕೈಯಾಳು ಎಲ್ಲಿಂದ ಬರಬೇಕು? ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಬೇಕಾದ ದಿನಗಳಲ್ಲಿಯೇ ಕಾಂಕ್ರೀಟನ್ನು ಒಣಗದಂತೆ ನೆನೆಸಿಡುವ ಕ್ಯೂರಿಂಗ್‌ಗೂ ಅದೇ ಕೆರೆಯ ನೀರು ಬೇಕಾಯಿತು. ಒಂಬತ್ತು ದಿನಗಳ ಫೈಬರ್ ಕೊಳದ ಎದುರು ನಮ್ಮದು ನಾಲ್ಕು ತಿಂಗಳು ಹಿಡಿಯಿತು. ಬೆಳೆಗಾರರು ಯಾರಾದರೂ ಕಟ್ಟಿಸುವುದಾದರೆ ಕುಯ್ಲಿನ ತಿಂಗಳುಗಳನ್ನು ಬಿಟ್ಟು ಕಟ್ಟಿಸುವುದು ಲೇಸು.

ಇಷ್ಟಾದರೂ ಆರ್‌ಸಿಸಿಯ ಪರವಾಗಿ ನನ್ನ ಮನಸ್ಸು ವಾಲಿದ್ದು 2024ರ ಆಗಸ್ಟಿನಲ್ಲಿ. ಅಡೆಬಿಡದೆ ಮಳೆ ಸುರಿದ ವಾರದ ನಂತರ ನೀರು ಹಸಿರಾಯಿತೆಂದು ಅಕ್ಕ ಕೊಳವನ್ನು ಪೂರ್ತಿ ಖಾಲಿ ಮಾಡಿಸಿ ತೊಳೆಸಲು ಹೊರಟಳು. ಮರುದಿನ ಬೆಳಿಗ್ಗೆ ತೊಟ್ಟಿಯ ಒಂದು ಮೂಲೆ ಎರಡು ಇಂಚು ಮೇಲೆದ್ದಿತ್ತು, ದಂಡೆಯ ಕಲ್ಲುಗಳು ಬಿರುಕು ಬಿಟ್ಟಿದ್ದವು. ಇದರ ಲೆಕ್ಕ ಸರಳ. ಸುತ್ತಲಿನ ಮಣ್ಣಿನಲ್ಲಿ ತಳದಿಂದ ಎರಡು ಅಡಿ ಎತ್ತರಕ್ಕೆ ನೀರು ನಿಂತಿದ್ದರೂ ಖಾಲಿ ತೊಟ್ಟಿ 400 ಘನ ಅಡಿ ನೀರನ್ನು ಪಕ್ಕಕ್ಕೆ ಸರಿಸಿರುತ್ತದೆ, ಅಂದರೆ ಅದನ್ನು 11 ಟನ್ನಿನಷ್ಟು ಬಲ ಮೇಲಕ್ಕೆ ತಳ್ಳುತ್ತಿರುತ್ತದೆ. ಫೈಬರ್ ತೊಟ್ಟಿಯ ಸ್ವಂತ ಭಾರ ಅದರ ಮುಂದೆ ಏನೂ ಅಲ್ಲ. ಒಳಗೆ ನೀರಿರುವವರೆಗೆ ಆ ನೀರೇ ಅದನ್ನು ಹಿಡಿದಿಟ್ಟಿರುತ್ತದೆ. ನಮ್ಮ ಕಾಂಕ್ರೀಟಿನ ಭಾರ 26 ಟನ್. ಆದರೂ ಹೊರಗಿನ ನೀರು ದಂಡೆಯವರೆಗೆ ಏರಿದರೆ ತಳ್ಳುವ ಬಲ 30 ಟನ್ ದಾಟುವುದರಿಂದ ಭಾರವೊಂದನ್ನೇ ನಂಬಿ ಕೂರುವಂತಿಲ್ಲ. ಒರತೆಗೆಂದು ಅನಿವಾರ್ಯವಾಗಿ ಹಾಕಿಸಿದ ಪೈಪುಗಳು ಇಲ್ಲಿ ನಮ್ಮನ್ನು ಕಾಯುತ್ತಿವೆ. ಹಳೇಬೀಡಿನ ಬಳಿಯ ಹುಲಿಕೆರೆಯಲ್ಲಿರುವ ಹೊಯ್ಸಳರ ಕಾಲದ ಪುಷ್ಕರಣಿಗೆ ಈ ತೊಂದರೆಯಿಲ್ಲ. ನೆಲದ ನೀರು ಒಳಗೇ ಬಂದು ನಿಲ್ಲುವ ಕೊಳವನ್ನು ನೆಲದ ನೀರು ಎತ್ತಲಾರದು. ಒಳಗಿನ ನೀರು ಹೊರಗೆ ಹೋಗಬಾರದು, ಹೊರಗಿನದು ಒಳಗೆ ಬರಬಾರದು ಎಂದು ಹಟ ಹಿಡಿದವರು ನಾವು. ಅಕ್ಕನ ತೊಟ್ಟಿಯನ್ನು ಮತ್ತೆ ಕೂರಿಸಿ, ಪೈಪು ಮತ್ತು ದಂಡೆ ಸರಿಪಡಿಸಲು 48,000 ಖರ್ಚಾಗಿ, ಅವಳ ಒಟ್ಟು 7,36,500ಕ್ಕೆ ಏರಿತು. ನಮ್ಮದಕ್ಕೂ ಅವಳದಕ್ಕೂ ಈಗ ಉಳಿದಿರುವ ಅಂತರ ಸರಿಯಾಗಿ 50,000.

ನಡೆಸುವ ಖರ್ಚಿನಲ್ಲಿ ಮಾತ್ರ ಫೈಬರ್ ಸ್ಪಷ್ಟವಾಗಿ ಮುಂದಿದೆ. ನುಣುಪಾದ ಅದರ ಮೈಗೆ ಪಾಚಿ ಬೇಗ ಹಿಡಿಯುವುದಿಲ್ಲ. ನಮ್ಮ ಟೈಲ್ಸ್ ಸಂದುಗಳನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬ್ರಷ್ ಹಾಕಿ ಉಜ್ಜಬೇಕು. ಒಂದು ಎಚ್‌ಪಿ ಪಂಪನ್ನು ದಿನಕ್ಕೆ ಐದು ಗಂಟೆ ಓಡಿಸಿದರೆ ತಿಂಗಳಿಗೆ 150 ಯೂನಿಟ್ ಹಿಡಿಯಬೇಕು. ಮನೆಯ ಮೀಟರಿಗೇ ಪಂಪನ್ನು ಜೋಡಿಸಿದ್ದರಿಂದ ತಿಂಗಳ ಬಳಕೆ 200 ಯೂನಿಟ್ ದಾಟಿ, ಆ ತಿಂಗಳುಗಳಲ್ಲಿ ಗೃಹಜ್ಯೋತಿ ಕೈತಪ್ಪಿ ಪೂರ್ತಿ ಬಿಲ್ಲನ್ನು ಮೆಸ್ಕಾಂಗೆ ಕಟ್ಟಬೇಕಾಯಿತು. ಈ ಖರ್ಚನ್ನು ಯಾವ ಗುತ್ತಿಗೆದಾರರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ನೀರಿನ ಆಮ್ಲ-ಕ್ಷಾರ ಮಟ್ಟ ತೋರುವ ಪಿಎಚ್ 7.2ರಿಂದ 7.8ರ ನಡುವೆ ಇರಬೇಕೆಂಬುದು ಸಾಮಾನ್ಯ ಸಲಹೆ. ಒಂದೇ ದಿನ 100 ಮಿಲಿಮೀಟರ್ ಮಳೆಯಾದರೆ ಕೊಳಕ್ಕೆ 1,800 ಲೀಟರಿಗೂ ಹೆಚ್ಚು ಹೊಸ ನೀರು ಬಿದ್ದು ಎರಡೂ ತಪ್ಪುತ್ತವೆ; ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಮೂರನೆಯ ದಿನ ನೀರು ಹಸಿರು. ಔಷಧಿ, ವಿದ್ಯುತ್, ಸ್ವಚ್ಛತೆಯ ಕೂಲಿ ಸೇರಿ 2024ರಲ್ಲಿ ನಮಗೆ 26,000 ಖರ್ಚಾಯಿತು, ಅಕ್ಕನಿಗೆ 19,000. ನಾವು ಆ ವರ್ಷ ನೀರಿಗಿಳಿದದ್ದು 71 ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಡಿಸೆಂಬರ್, ಜನವರಿಯಲ್ಲಿ ಕಾಲಿಟ್ಟರೆ ಮರಗಟ್ಟುವ ಚಳಿ. ಮಲೆನಾಡಿನಲ್ಲಿ ಈಜುಕೊಳಕ್ಕೆ ವರ್ಷವೆಂದರೆ ಐದಾರು ತಿಂಗಳಷ್ಟೇ.

ನನ್ನನ್ನು ಕೇಳುವವರಿಗೆ ನಾನು ಹೇಳುವುದು ಹೀಗೆ. ಸಮತಟ್ಟಾದ ಜಾಗ, ಲಾರಿ ಬರುವ ರಸ್ತೆ, ಮಳೆಗಾಲದಲ್ಲಿಯೂ ನೀರು ನಿಲ್ಲದ ನೆಲ ಇದ್ದರೆ ಫೈಬರ್. ಇಳಿಜಾರು, ಒರತೆ, ಕಿರಿದಾದ ತೋಟದ ರಸ್ತೆ ಇದ್ದರೆ ಆರ್‌ಸಿಸಿ, ಅದೂ ಅಂದಾಜಿನ ಮೇಲೆ ಕಾಲುಭಾಗ ಹಣವನ್ನು ಪ್ರತ್ಯೇಕವಾಗಿ ತೆಗೆದಿಟ್ಟುಕೊಂಡು. ಮಕ್ಕಳು ಎಂಟು ವರ್ಷದೊಳಗಿನವರಾಗಿದ್ದು ಕಣ ಖಾಲಿಯಿದ್ದರೆ ಮೊದಲು ಪ್ಲಾಸ್ಟಿಕ್ ಕೊಳವನ್ನು ತಂದು ಒಂದು ಬೇಸಿಗೆ ನೋಡಬಹುದು, ಇಲಿಗಳ ಬಗ್ಗೆ ಎಚ್ಚರವಿದ್ದರೆ ಎರಡು.

ನೀರಿನ ಗುಣವೂ ಬೆಲೆಯನ್ನು ಬದಲಿಸುತ್ತದೆ. ನಾವು ಮೊದಲ ಸಲ ಬೋರ್‌ವೆಲ್ ನೀರನ್ನು ತುಂಬಿ ಕ್ಲೋರಿನ್ ಹಾಕಿದಾಗ, ನೀರಿನಲ್ಲಿ ಕರಗಿದ್ದ ಕಬ್ಬಿಣದ ಅಂಶ ತುಕ್ಕಾಗಿ ಒಂದೇ ರಾತ್ರಿಯಲ್ಲಿ ಕೊಳವೆಲ್ಲ ಕಷಾಯದ ಬಣ್ಣಕ್ಕೆ ತಿರುಗಿ, ಅದನ್ನು ತಳಕ್ಕಿಳಿಸಿ ತೆಗೆಯಲು ಹತ್ತು ದಿನ ಹಿಡಿಯಿತು. ಅರಸೀಕೆರೆ ಕಡೆಯ ಸ್ನೇಹಿತರೊಬ್ಬರು ಈಗ ತಮ್ಮ ತೆಂಗಿನ ತೋಟದ ಮನೆಗೆ ಫೈಬರ್ ಕೊಳದ ವಿಚಾರ ಮಾಡುತ್ತಿದ್ದಾರೆ. ಅವರ ನೆಲಕ್ಕೆ ಒರತೆಯ ಭಯವಿಲ್ಲ, ರಸ್ತೆಯೂ ನೇರ. ಆದರೆ ಬಿಂದಿಗೆಯಲ್ಲಿ ಬಿಳಿ ಪದರ ಕಟ್ಟುವಷ್ಟು ಗಡಸು ನೀರು. ಅದರ ಮಾದರಿಯನ್ನು ಹೋದ ವಾರ ಪರೀಕ್ಷೆಗೆ ಕೊಟ್ಟಿದ್ದಾರೆ. ವರದಿ ಬಂದ ಮೇಲೆಯೇ ಕೊಟೇಶನ್ ತರಿಸುವುದೆಂದು ನಿಶ್ಚಯಿಸಿದ್ದೇವೆ.